ನಾನು ಬರೆದ ಮೂರು ಸಾಲು, ಅವರು ಬರೆದ ಹದಿನಾರು ಪುಟ

ಮೊನ್ನೆ ಭಾನುವಾರ ಬದಿಯಡ್ಕದಿಂದ ಬಸ್ಸಿನಲ್ಲಿ ನಿಂತುಕೊಂಡೇ ಕಾಸರಗೋಡಿಗೆ ಹೋಗಿ ಒಂದು ಪುಸ್ತಕ ಬಿಡುಗಡೆ ನೋಡಿ ಬಂದೆ. ಅವತ್ತಿನಿಂದ ತಲೆಬಿಸಿ. ಎರಡು ದಿನ ಮನೆಯಲ್ಲಿ ಅದೇ ಮಾತು. ಕೊನೆಗೆ ನಮ್ಮ ಮನೆಯವರು "ಅದನ್ನು ಫೇಸ್‌ಬುಕ್ಕಿಗೆ ಹಾಕು ಮಾರಾಯ್ತಿ, ನನ್ನ ಕಿವಿಗೆ ಹಾಕಬೇಡ" ಅಂದರು. ಹಾಗಾಗಿ ಇದು. ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ನಾನು ಎಲ್ಲಿ ಗುಮಾಸ್ತೆಯಾಗಿದ್ದೆ ಅಂತ ನಿಮಗೆಲ್ಲ ಗೊತ್ತು. ಕೇರಳ ಸರಕಾರದ್ದೇ ಒಂದು ಕಚೇರಿ, ಹೆಸರು ಬೇಡ. ಪುಸ್ತಕ ಬರೆದವರು ನನಗೆ ಮೂರು ವರ್ಷ ಮೇಲಧಿಕಾರಿಯಾಗಿದ್ದವರು. ಅವರ ಹೆಸರೂ ಬೇಡ. ಸಾರ್ ಅಂತಲೇ ಇರಲಿ, ಆಗಲೂ ಹಾಗೇ ಕರೆಯುತ್ತಿದ್ದೆವು. ಮಲಯಾಳದಲ್ಲಿ ಬರೆದ ಆತ್ಮಕಥೆ. ಒಳಗಿದ್ದುಕೊಂಡು ಕಂಡದ್ದನ್ನೆಲ್ಲ ಬಿಚ್ಚಿಟ್ಟಿದ್ದಾರೆ ಅಂತ ವೇದಿಕೆಯಲ್ಲಿ ಮಾತಾಡಿದ ನಾಲ್ಕು ಮಂದಿಯೂ ಹೇಳಿದರು. ಧೈರ್ಯ ಎಂಬ ಶಬ್ದ ಎಷ್ಟು ಸಲ ಬಂತು ಅಂತ ನಾನು ಬೆರಳೆಣಿಸಿದೆ. ಹನ್ನೊಂದು. ಆಮೇಲೆ ಚಾಯ, ಬಾಳೆಕಾಯಿ ಪೋಡಿ. ಪೋಡಿ ಬಿಸಿ ಇತ್ತು, ಅದರ ಬಗ್ಗೆ ದೂರಿಲ್ಲ.

380 ರೂಪಾಯಿ ಕೊಟ್ಟು ಪುಸ್ತಕ ತೆಗೆದುಕೊಂಡೆ. ಸರದಿಯಲ್ಲಿ ನಿಂತು ಸಹಿ ಹಾಕಿಸಿಕೊಂಡೆ. ಸಾರ್ ನನ್ನ ಗುರುತು ಹಿಡಿದರು, ಖುಷಿಪಟ್ಟರು, "ಸತ್ಯದ ದಾರಿಯ ಸಹಯಾತ್ರಿಗೆ" ಅಂತ ಬರೆದು ಸಹಿ ಹಾಕಿದರು. ಹಸಿರು ಇಂಕಿನಲ್ಲಿ! ರಿಟೈರ್ ಆಗಿ ಇಷ್ಟು ವರ್ಷವಾದರೂ ಹಸಿರು ಪೆನ್ನು ಬಿಟ್ಟಿಲ್ಲ.

ವಾಪಸ್ ಬರುವಾಗ ಚೆರ್ಕಳ ದಾಟಿದ ಮೇಲೆ ಸೀಟು ಸಿಕ್ಕಿತು. ಪುಸ್ತಕ ಬಿಡಿಸಿದೆ. ಕನ್ನಡ ಮೀಡಿಯಂ ಶಾಲೆಗಳ ಬಗ್ಗೆ ಒಂದು ಅಧ್ಯಾಯ ಉಂಟು. ಹದಿನಾರು ಪುಟ. ಮೊದಲ ಪುಟದಲ್ಲೇ ನಮ್ಮ ಕಡೆಯ ಒಂದು ಶಾಲೆಯ ಮಕ್ಕಳ ತಾಯಂದಿರು ಕೊಟ್ಟ ಅರ್ಜಿಯ ಕಥೆ. "ಆ ರಾತ್ರಿ ಆ ಅರ್ಜಿಯನ್ನು ಮತ್ತೆ ಮತ್ತೆ ಓದಿದೆ, ಕಣ್ಣು ತುಂಬಿ ಬಂತು" ಅಂತ ಬರೆದಿದ್ದಾರೆ.

ಅಲ್ಲ ಸಾರ್, ಆ ಅರ್ಜಿ ಕನ್ನಡದಲ್ಲಿತ್ತು. ನಿಮಗೆ ಕನ್ನಡದ ಅ ಆ ಇ ಈ ಬರುತ್ತಿರಲಿಲ್ಲ. ನೀವು ಓದಿದ್ದು ಮೂರು ಸಾಲು. ಆ ಮೂರು ಸಾಲು ಮಲಯಾಳದಲ್ಲಿ ಬರೆದವಳು ನಾನು.

ಎಂಟನೇ ಕ್ಲಾಸಿನ ಕನ್ನಡ ಡಿವಿಷನ್ನಿಗೆ ಗಣಿತಕ್ಕೆ ಬಂದ ಟೀಚರಿಗೆ ಕನ್ನಡ ಗೊತ್ತಿರಲಿಲ್ಲ. ಇದು ನಮ್ಮಲ್ಲಿ ಹೊಸ ಸಂಗತಿಯೂ ಅಲ್ಲ, ಹಳೆಯ ಸಂಗತಿಯೂ ಅಲ್ಲ, ಮಳೆಗಾಲದ ಹಾಗೆ ಪ್ರತಿವರ್ಷ ಬರುವಂಥದ್ದು. ಅರ್ಜಿ ಎರಡೂವರೆ ಪುಟ. ಗೆರೆ ಹಾಕಿದ ಕಾಗದ, ನೀಲಿ ಬಾಲ್‌ಪೆನ್ನು, ಕೊನೆಗೆ ಇಪ್ಪತ್ತಕ್ಕೂ ಹೆಚ್ಚು ಸಹಿ, ಎರಡು ಹೆಬ್ಬೆಟ್ಟು. ಬರೆದ ತಾಯಿ ಚೆನ್ನಾಗಿ ಬರೆದಿದ್ದರು. ಟೀಚರು ಒಳ್ಳೆಯವರು, ಅವರ ಮೇಲೆ ನಮ್ಮ ದೂರಿಲ್ಲ ಅಂತ ಮೊದಲೇ ಹೇಳಿದ್ದರು. ಬೋರ್ಡಿನಲ್ಲಿ ಅಂಕಿ ಬರೆದರೆ ಮಕ್ಕಳು ಅಂಕಿ ನೋಡಿ ಬರೆದುಕೊಳ್ಳುತ್ತಾರೆ, ವಾಕ್ಯದಲ್ಲಿ ಕೊಟ್ಟ ಲೆಕ್ಕ ಬಂದರೆ ಸುಮ್ನೆ ಕೂತಿರುತ್ತಾರೆ ಅಂತ ಬರೆದಿದ್ದರು. ಜೊತೆಗೆ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಪಿನ್ನು ಹಾಕಿದ್ದರು. ಎಡಗಡೆ ಲೆಕ್ಕದ ನಂಬರು, ಒಂದು, ಎರಡು, ಮೂರು, ಹತ್ತರ ತನಕ. ಬಲಗಡೆ ಪೂರ್ತಿ ಖಾಲಿ. ಹತ್ತರ ಕೆಳಗೆ ಸ್ಕೇಲಿಟ್ಟು ಚಂದ ಗೆರೆ ಎಳೆದಿದ್ದಳು ಹುಡುಗಿ.

ಸೆಕ್ಷನ್ನಿನಲ್ಲಿ ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಸಾರ್ ಕರೆದರು. "ಸಾರಾಂಶಂ ಮದಿ, ಮೇಡಂ" ಅಂದರು. ಸಾರಾಂಶ ಸಾಕು. ಬರೆದೆ. ಕನ್ನಡ ವಿಭಾಗದ ಪೋಷಕರು ಗಣಿತ ಅಧ್ಯಾಪಕರ ಭಾಷೆಯ ಬಗ್ಗೆ ಆಕ್ಷೇಪ ಕೊಟ್ಟಿದ್ದಾರೆ. ಬದಲಿ ನೇಮಕ ಕೇಳಿದ್ದಾರೆ. ಆದೇಶಕ್ಕಾಗಿ ಸಲ್ಲಿಸಿದೆ. ಎರಡನೇ ದಿನ ಫೈಲ್ ವಾಪಸ್ ಬಂತು. ಹಸಿರು ಇಂಕಿನಲ್ಲಿ "ನೋಡಿದೆ" ಅಂತ ಒಂದೇ ಶಬ್ದ, ಕೆಳಗೆ ಇನಿಷಿಯಲ್. ಅಷ್ಟೇ. ಫೈಲ್ ಮುಗಿಯಿತು.

ಈಗ ಪುಸ್ತಕದಲ್ಲಿ ಹೇಳುತ್ತಾರೆ, ಮೇಲಿನಿಂದ ಫೋನ್ ಬಂದಿತ್ತಂತೆ. ಕೈ ಕಟ್ಟಿಹಾಕಿದ್ದರಂತೆ. ಇರಬಹುದು. ನಾನು ಸುಳ್ಳು ಅನ್ನುವುದಿಲ್ಲ. ಆದರೆ ಫೋನ್ ಬಂದರೆ ಏನು ಮಾಡಬೇಕು ಅಂತ ನಮ್ಮ ಅಟೆಂಡರಿಗೂ ಗೊತ್ತಿತ್ತು. "ಇಂಥ ದಿನ, ಇಷ್ಟು ಗಂಟೆಗೆ, ಫೋನಿನಲ್ಲಿ ತಿಳಿಸಿದಂತೆ" ಅಂತ ನೋಟ್‌ಶೀಟಿನಲ್ಲಿ ಒಂದು ಸಾಲು ಹಾಕಬೇಕು. ಫೋನ್ ಮಾಡಿದವರಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇಲ್ಲ. ಐಎಎಸ್, ಐಪಿಎಸ್‌ನವರ 1968ರ ನಡತೆ ನಿಯಮದಲ್ಲೇ ಉಂಟು, ಮೇಲಿನವರ ಆದೇಶ ಸಾಮಾನ್ಯವಾಗಿ ಬರವಣಿಗೆಯಲ್ಲಿರಬೇಕು, ಬಾಯಿಮಾತಿನಲ್ಲಿ ಹೇಳಿದ್ದಾದರೆ ಆಮೇಲೆ ಬರೆಸಿಕೊಳ್ಳಬೇಕು ಅಂತ. ಬಾಯಿಮಾತಿನ ಮೇಲೆ ಕೆಲಸ ಮಾಡಬೇಡಿ ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಅಧಿಕಾರಿಗಳಿಗೆಲ್ಲ ಹೇಳಿತು. ಆ ಕೇಸು ಹಾಕಿದವರಲ್ಲಿ ಮೊದಲ ಹೆಸರು ಟಿ.ಎಸ್.ಆರ್. ಸುಬ್ರಮಣಿಯನ್ ಅವರದ್ದು, ಕೇಂದ್ರದಲ್ಲಿ ಕ್ಯಾಬಿನೆಟ್ ಸೆಕ್ರೆಟರಿ ಆಗಿದ್ದವರು. ಅವರೂ ರಿಟೈರ್ ಆದ ಮೇಲೆ ಪುಸ್ತಕ ಬರೆದವರೇ. ಆದರೆ ಪುಸ್ತಕ ಬರೆದು ಪೋಡಿ ತಿಂದು ಮನೆಗೆ ಹೋಗಲಿಲ್ಲ, ಕೋರ್ಟಿಗೂ ಹೋದರು.

ಒಂದು ಸಾಲು ಸಾರ್. ಹದಿನಾರು ಪುಟ ನಾವು ಕೇಳಲೇ ಇಲ್ಲ.

ಇದು ನಮ್ಮ ಸಾರ್ ಒಬ್ಬರ ರೋಗ ಅಲ್ಲ ಅಂತ ಗೊತ್ತು. ಅಮೆರಿಕದಲ್ಲಿ ಜಾನ್ ಬೋಲ್ಟನ್ ಅಂತ ಒಬ್ಬರು ಟ್ರಂಪ್‌ಗೆ ಭದ್ರತಾ ಸಲಹೆಗಾರರಾಗಿದ್ದರು. 2019ರಲ್ಲಿ ಅಲ್ಲಿನ ಕೆಳಮನೆ ವಾಗ್ದಂಡನೆಯ ವಿಚಾರಣೆಗೆ ಕರೆದಾಗ ಹೋಗಲಿಲ್ಲ. ಆಮೇಲೆ ಮೇಲ್ಮನೆ ಕರೆದರೆ ಬರುತ್ತೇನೆ ಅಂದರು, ಅವರು ಕರೆಯಲಿಲ್ಲ. 2020ರ ಜೂನಿನಲ್ಲಿ ಪುಸ್ತಕ ಬಂತು. ಆಗ ವಿಚಾರಣೆ ಮುಗಿದು ನಾಲ್ಕು ತಿಂಗಳು. ವಿಯೆಟ್ನಾಂ ಯುದ್ಧದ ಕಾಲದ ರಕ್ಷಣಾ ಮಂತ್ರಿ ಮೆಕ್‌ನಮಾರ ಕುರ್ಚಿ ಬಿಟ್ಟದ್ದು 1968ರಲ್ಲಿ. ನಾವು ಮಾಡಿದ್ದು ತಪ್ಪು ಅಂತ ಪುಸ್ತಕ ಬರೆದದ್ದು 1995ರಲ್ಲಿ. 27 ವರ್ಷ! ಅಷ್ಟರಲ್ಲಿ ಅವರ ಕಡೆಯವರೇ 58 ಸಾವಿರಕ್ಕೂ ಹೆಚ್ಚು ಮಂದಿ ಸತ್ತಾಗಿತ್ತು, ವಿಯೆಟ್ನಾಮಿನವರದ್ದು ಲಕ್ಷಗಟ್ಟಲೆ. ಇಲ್ಲಿ ನಮ್ಮಲ್ಲಿ ಪ್ರಧಾನಿ ಮನಮೋಹನ್ ಸಿಂಗರ ಮಾಧ್ಯಮ ಸಲಹೆಗಾರರಾಗಿದ್ದ ಸಂಜಯ ಬಾರು ಆ ಕಚೇರಿ ಬಿಟ್ಟದ್ದು 2008ರಲ್ಲಿ, ಪುಸ್ತಕ ಬಂದದ್ದು 2014ರ ಏಪ್ರಿಲಿನಲ್ಲಿ, ಸರಿಯಾಗಿ ಲೋಕಸಭಾ ಚುನಾವಣೆಯ ನಡುವೆ. ಮಾವಿನಮಿಡಿ ಯಾವಾಗ ಪೇಟೆಗೆ ತರಬೇಕು ಅಂತ ನಮ್ಮ ಕಡೆಯ ವ್ಯಾಪಾರಿಗಳಿಗೂ ಗೊತ್ತುಂಟು ಬಿಡಿ.

ಎಲ್ಲರೂ ಹಾಗೆ ಅಂತ ನಾನು ಹೇಳುವುದಿಲ್ಲ. ಪಿ.ಸಿ. ಪಾರಖ್ ಕೇಂದ್ರದ ಕಲ್ಲಿದ್ದಲು ಸೆಕ್ರೆಟರಿ ಆಗಿದ್ದವರು. ಅವರೂ 2014ರಲ್ಲೇ ಪುಸ್ತಕ ತಂದರು. ಆದರೆ ಗಣಿಗಳನ್ನು ಬೇಕಾದವರಿಗೆ ಹಂಚುವ ಬದಲು ಸ್ಪರ್ಧೆಯ ಬಿಡ್ ಕರೆದು ಕೊಡಿ ಅಂತ 2004ರಲ್ಲೇ, ಕುರ್ಚಿಯಲ್ಲಿ ಕೂತುಕೊಂಡೇ, ಫೈಲಿನಲ್ಲಿ ನೋಟ್ ಬರೆದಿದ್ದರು. ಹತ್ತು ವರ್ಷದ ನಂತರ ಸುಪ್ರೀಂ ಕೋರ್ಟು 214 ಗಣಿಗಳ ಹಂಚಿಕೆ ರದ್ದು ಮಾಡಿತು. ಅಂಥವರು ಪುಸ್ತಕ ಬರೆದರೆ ನಾನು ಎರಡು ಪ್ರತಿ ತೆಗೆದುಕೊಳ್ಳುತ್ತೇನೆ.

ಈಗ ಕಮೆಂಟಿನಲ್ಲಿ ಯಾರು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. "ಅಕ್ಕಾ, ಸರ್ವಿಸಿನಲ್ಲಿದ್ದಾಗ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ." ಹೌದಪ್ಪ, ಒಪ್ಪಿದೆ. ನಮ್ಮ ಕೇರಳದ ಜೇಕಬ್ ಥಾಮಸ್ ಎಂಬ ಡಿಜಿಪಿ 2017ರಲ್ಲಿ ಸರ್ವಿಸಿನಲ್ಲಿದ್ದುಕೊಂಡೇ ಆತ್ಮಕಥೆ ಬರೆದರು. ಬಿಡುಗಡೆ ಮಾಡಬೇಕಿದ್ದ ಮುಖ್ಯಮಂತ್ರಿಗಳು ಅನುಮತಿ ಇಲ್ಲದೆ ಬರೆದದ್ದು ಅಂತ ಹಿಂದೆ ಸರಿದರು, ಕಾರ್ಯಕ್ರಮವೇ ರದ್ದಾಯಿತು. ಗೂಢಚಾರ ಸಂಸ್ಥೆಗಳಲ್ಲಿ ಇದ್ದವರು ರಿಟೈರ್ ಆದ ಮೇಲೂ ಕೇಳದೆ ಬರೆದರೆ ಪೆನ್ಷನ್ನಿಗೇ ಕತ್ತರಿ ಅಂತ ಕೇಂದ್ರ 2021ರಲ್ಲಿ ನಿಯಮ ತಂದಿತು. ಎಲ್ಲ ಸರಿ. ಆದರೆ ನಾನು ಪುಸ್ತಕ ಬರೆಯಿರಿ ಅಂತ ಎಲ್ಲಿ ಹೇಳಿದೆ? ಪತ್ರಿಕೆಗೆ ಹೋಗಿ ಅಂತ ಎಲ್ಲಿ ಹೇಳಿದೆ? ನಿಮ್ಮದೇ ಟೇಬಲ್ಲು, ನಿಮ್ಮದೇ ಪೆನ್ನು, ನಿಮ್ಮದೇ ಫೈಲು. ಅದರಲ್ಲಿ ಒಂದು ಸಾಲು ಬರೆಯಲು ಯಾವ ಅನುಮತಿ ಬೇಕು? ಹೆಚ್ಚೆಂದರೆ ವರ್ಗ ಮಾಡುತ್ತಿದ್ದರು. ಶಿಕ್ಷೆಯ ವರ್ಗ ಅಂತ ಇಡೀ ಕೇರಳದಿಂದ ಕಾಸರಗೋಡಿಗೆ ಹಾಕುತ್ತಾರೆ. ಕಾಸರಗೋಡಿನಲ್ಲೇ ಇದ್ದವರನ್ನು ಇನ್ನೆಲ್ಲಿಗೆ ಹಾಕುತ್ತಾರೆ ಮಾರಾಯ್ರೆ, ಸಮುದ್ರಕ್ಕಾ?

"ಬರೆದರೂ ಏನಾಗುತ್ತಿತ್ತು?" ಇದು ನಮ್ಮ ಮನೆಯವರ ಪ್ರಶ್ನೆ. ಫೈಲಿನಲ್ಲಿ ಬರೆದದ್ದೆಲ್ಲ ಗೆದ್ದಲಿಗೆ ಅಂತ ಅವರ ವಾದ. ಈ ಮಾತು ಕಾಸರಗೋಡಿನವರು ಆಡಬಾರದು. 1956ರ ನವೆಂಬರ್ 1ರಂದು ನಮ್ಮನ್ನು ಕೇರಳದ ಕಡೆ ಸೇರಿಸಿದರು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಮೈಸೂರು ರಾಜ್ಯಕ್ಕೆ ಹೋಗಲಿ ಅಂತ ವರದಿ ಬರೆಯಿತು. ಏನೂ ಆಗಲಿಲ್ಲ, ಇನ್ನು ಆಗುವುದೂ ಇಲ್ಲ, ನಾನೇನು ಅದಕ್ಕೆ ಕಾದು ಕೂತಿಲ್ಲ. ಆದರೆ ಇವತ್ತಿಗೂ ಯಾವ ಸಭೆಯಲ್ಲಾದರೂ ಯಾರಾದರೂ ಎದ್ದು ನಿಂತು ಮಹಾಜನ್ ವರದಿ ಅನ್ನುತ್ತಾರೆ. ಯಾಕೆ? ಆಗಿನ ಕಾಲಕ್ಕೆ ಆಗಲೇ ಬರೆದಿಟ್ಟದ್ದು ಉಂಟು. ಬೆರಳಿಟ್ಟು ತೋರಿಸಲು ಒಂದು ಕಾಗದ ಉಂಟು. ಆ ಎಂಟನೇ ಕ್ಲಾಸಿನ ತಾಯಂದಿರಿಗೆ ತೋರಿಸಲು ಏನುಂಟು? "ನೋಡಿದೆ."

ಇನ್ನೊಂದು ಮಾತು ನಾನೇ ಹೇಳಬೇಕು. ಬರೆದವರ ಮೇಲೆ ಮಾತ್ರ ಯಾಕೆ ಸಿಟ್ಟು, ಬರೆಯದೆ ಇದ್ದವರ ಮೇಲೆ ಯಾಕಿಲ್ಲ? ಪಡ್ರೆಯ ಕಡೆ, ಎಣ್ಮಕಜೆ ಕಡೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು, 2000ದ ತನಕ, ಎರಡು ದಶಕಕ್ಕೂ ಹೆಚ್ಚು. ಪ್ರತಿ ಸಲದ ಹಾರಾಟಕ್ಕೂ ಯಾರೋ ಒಬ್ಬರು ಕಾಗದಕ್ಕೆ ಸಹಿ ಹಾಕಿರುತ್ತಾರಲ್ಲ. ನನಗೊಂದು ಪೆನ್ನು ಸಾಕು ಅಂತ ಆ ಕಾಲದಲ್ಲಿ ಬರೆದವರು ಊರಿನ ಡಾಕ್ಟರು, ಊರಿನ ಪತ್ರಕರ್ತರು. ಒಳಗಿದ್ದವರ ಆತ್ಮಕಥೆ ನನ್ನ ಕೈಗೆ ಇವತ್ತಿನ ತನಕ ಸಿಕ್ಕಿಲ್ಲ. ಅವರ ಮುಂದೆ ನಮ್ಮ ಸಾರ್ ಎಷ್ಟೋ ವಾಸಿ, ಕೊನೆಗಾದರೂ ಬರೆದರು ಅಂತ ಬಸ್ಸಿನಲ್ಲಿ ಒಂದು ಸಲ ಅನಿಸಿತು. ನೀರ್ಚಾಲಿಗೆ ಹೋಗುವ ದಾರಿಯ ತನಕ ಹಾಗೇ ಅನಿಸಿತು. ಆಮೇಲೆ ಆ "ಕಣ್ಣು ತುಂಬಿ ಬಂತು" ನೆನಪಾಯಿತು.

ಕಣ್ಣು ತುಂಬಿ ಬಂದದ್ದು ನನಗೆ. ಹೇಳಿಬಿಡುತ್ತೇನೆ, ಈ ಬರಹ ಶುರು ಮಾಡುವಾಗ ಹೇಳುವ ಮನಸ್ಸಿರಲಿಲ್ಲ. ಆ ಎರಡೂವರೆ ಪುಟ ಓದಿದವಳು ಆ ಕಚೇರಿಯಲ್ಲಿ ನಾನೊಬ್ಬಳು. ನಾನು ಅಂಥದೇ ಕನ್ನಡ ಶಾಲೆಯಲ್ಲಿ ಕಲಿತವಳು. ಓದಿ ಮುಗಿಸಿ ಊಟದ ಹೊತ್ತಿಗೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಮೂರು ಸಾಲು ಬರೆದೆ. ಸಾರಾಂಶ ಸಾಕು ಅಂದರು, ನಿಜ. ಹತ್ತು ಸಾಲು ಬರೆದರೆ ಬೈಯುತ್ತಿದ್ದರಾ? ಇಲ್ಲ. ಓದುತ್ತಿದ್ದರೋ ಇಲ್ಲವೋ, ಫೈಲಿನಲ್ಲಿ ಇರುತ್ತಿತ್ತು. ಆ ನೋಟ್‌ಬುಕ್ಕಿನ ಹಾಳೆಯ ಪಿನ್ನು ತೆಗೆದವಳೂ ನಾನೇ. ಅನುವಾದ ಇಲ್ಲದ ಅಡಕ ಬೇಡ ಅಂದರು. ಖಾಲಿ ಹಾಳೆಗೆ ಏನು ಅನುವಾದ ಮಾಡುವುದು? ಡ್ರಾಯರಿನಲ್ಲಿ ಇಟ್ಟೆ. ಕಚೇರಿ ಬೇರೆ ಕಟ್ಟಡಕ್ಕೆ ಹೋದಾಗ ಎಲ್ಲಿ ಹೋಯಿತೋ. ನನಗೂ ಆಗ ಪ್ರಮೋಷನ್ನಿನ ಸಮಯ, ಮಗನ ಎಂಜಿನಿಯರಿಂಗ್ ಫೀಸು, ಇತ್ಯಾದಿ ಇತ್ಯಾದಿ. ಅಂಥ ಇತ್ಯಾದಿಗಳು ಸಾರ್‌ಗೂ ಇದ್ದಿರಬೇಕು. ಪುಸ್ತಕದಲ್ಲಿ ಅದನ್ನು ಬರೆದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಾನೂ ಸಹಿ ಹಾಕಿದೆ, ಹೆದರಿದೆ, ನನಗೆ ಕ್ವಾರ್ಟರ್ಸ್ ಬೇಕಿತ್ತು ಅಂತ ಒಂದು ಪುಟ. ಆ ಹದಿನಾರು ಪುಟದಲ್ಲಿ ಮಂತ್ರಿ ಕೆಟ್ಟವರು, ಪಕ್ಷ ಕೆಟ್ಟದ್ದು, ಯೂನಿಯನ್ನು ಕೆಟ್ಟದ್ದು, ಸೆಕ್ರೆಟರಿಯೇಟು ಕೆಟ್ಟದ್ದು. ಹಸಿರು ಪೆನ್ನು ಮಾತ್ರ ಒಳ್ಳೆಯದು.

ನಾನು ಆತ್ಮಕಥೆ ಬರೆಯುವುದಿಲ್ಲ, ಹೆದರಬೇಡಿ. ಯು.ಡಿ. ಕ್ಲರ್ಕಿನ ಆತ್ಮಕಥೆ ಯಾರಿಗೆ ಬೇಕು, ಬಿಡುಗಡೆಗೆ ಪೋಡಿ ಯಾರು ಹುರಿಯುತ್ತಾರೆ.

ಮಲಯಾಳ ಓದಲು ಬರುವವರಿಗೆ ಪುಸ್ತಕ ಬೇಕಾದರೆ ಮನೆಗೆ ಬನ್ನಿ, ಕೊಡುತ್ತೇನೆ. ಆ ಅಧ್ಯಾಯ ಶುರುವಾಗುವ ಪುಟದ ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ಆ ಮೂರು ಸಾಲು ಬರೆದಿಟ್ಟಿದ್ದೇನೆ, ಆಗ ಬರೆದ ಹಾಗೇ. ಕೆಳಗೆ ನನ್ನ ಸಹಿಯೂ ಉಂಟು. ಓದಿ ವಾಪಸ್ ತಂದುಕೊಡಿ ಮತ್ತೆ. 380 ರೂಪಾಯಿ ಕೊಟ್ಟಿದ್ದೇನೆ.