ಕಳೆದರೂ ಬೇಜಾರಿಲ್ಲದ ಹುಸಿಮೀನು

ಅಮೆರಿಕಾದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿರುವ ಕೇಪ್ ಕಾಡ್ ಕಾಲುವೆಯ ದಂಡೆಯಲ್ಲಿ ಮೀನು ಇರುವುದು ಕಲ್ಲಿನ ಸಂದಿಯಲ್ಲಿ. ಗಾಳ ಸಿಕ್ಕಿಬೀಳುವುದೂ ಅಲ್ಲೇ. 15 ಡಾಲರ್ ಕೊಟ್ಟು ತಂದ ಜಿಗ್ ದಾರದ ತುದಿಯಲ್ಲಿದ್ದರೆ ಎಸೆಯುವ ಮೊದಲೇ ತಲೆಯಲ್ಲಿ ಲೆಕ್ಕ ಶುರು. ತಳ ಮುಟ್ಟುವ ಮೊದಲೇ ಗಡಬಡಿಸಿ ಸುತ್ತಿಬಿಡುತ್ತೇನೆ. ಜಿಗ್ ಮನೆಗೆ ಬರುತ್ತದೆ, ಮೀನು ಅಲ್ಲೇ ಇರುತ್ತದೆ.

ನಾನು ಹೊನ್ನಾವರದವನು. ಬಾಸ್ಟನ್ ಹತ್ತಿರ ಮನೆ ಮಾಡಿ 14 ವರ್ಷವಾಯಿತು. ಜಿಗ್ ಅಂದರೆ ಬೇರೇನಲ್ಲ, ಸಣ್ಣ ಮೀನಿನ ಉದ್ದದ ಒಂದು ಲೋಹದ ತುಂಡು. ಒಂದು ತುದಿಗೆ ದಾರ, ಇನ್ನೊಂದು ತುದಿಗೆ ಮುಳ್ಳು. ಎರೆ ಬೇಡ, ಸೀಗಡಿ ಬೇಡ. ತಳಕ್ಕೆ ಬಿಟ್ಟು ಕೋಲನ್ನು ಎತ್ತಿ ಇಳಿಸಿದರೆ ಪೆಟ್ಟು ಬಿದ್ದ ಮೀನಿನ ಹಾಗೆ ಹೊರಳಿ ಮಿನುಗುತ್ತದೆ. ದೊಡ್ಡ ಮೀನಿಗೆ ಅಷ್ಟು ಸಾಕು.

ಊರಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ನಮ್ಮ ಪಕ್ಕದ ಮನೆಯವರು ಹಳೇ ಬೀಸುಬಲೆಯ ಸೀಸದ ಗುಂಡುಗಳನ್ನು ಕಬ್ಬಿಣದ ಸೌಟಿಗೆ ಹಾಕಿ, ಗೆರಟೆ ಬೆಂಕಿಯ ಮೇಲೆ ಇಟ್ಟು ಕರಗಿಸುತ್ತಿದ್ದರು. ಸೀಸ 327 ಡಿಗ್ರಿಗೆ ಕರಗುತ್ತದೆ. ಗೆರಟೆ ಕೆಂಡಕ್ಕೆ ಅದು ದೊಡ್ಡ ಮಾತಲ್ಲ. ಸೀಳಿದ ಬಿದಿರಿಗೆ ಹೊಯ್ದು, ಆರಿದ ಮೇಲೆ ಚಾಕುವಿನಲ್ಲಿ ಕೆರೆದು ಹೊಳಪು ಬರಿಸಿದರೆ ಮುಗಿಯಿತು. ನಾವು ಮಕ್ಕಳು ಸುತ್ತ ಕೂತು ಆ ಹೊಗೆ ಕುಡಿಯುತ್ತಿದ್ದೆವು. ಅದನ್ನು ಯಾರೂ ಹವ್ಯಾಸ ಅನ್ನಲಿಲ್ಲ. ಬೇಕಿತ್ತು, ಮಾಡಿಕೊಂಡರು.

ಇಲ್ಲಿ ಅದೇ ಕೆಲಸಕ್ಕೆ ಗ್ಯಾರೇಜಿನ ಅರ್ಧ ಜಾಗ ಬೇಕು. ಅಲ್ಯೂಮಿನಿಯಂ ಅಚ್ಚು, ಕರೆಂಟಿನ ಕುಲುಮೆ, ಬಿಸಿ ಲೋಹ ಅದ್ದಿದರೆ ಅಂಟುವ ಬಣ್ಣದ ಪುಡಿ, ಅಂಟಿಸುವ ಕಣ್ಣು, ಮೇಲೊಂದು ಎಪಾಕ್ಸಿ ಲೇಪ. ನನ್ನ ಗೆಳೆಯನೊಬ್ಬ "ದುಡ್ಡು ಉಳಿಸೋಕೆ" ಅಂತಲೇ ಶುರು ಮಾಡಿದ. ಈಗ ಅವನ ಒಂದು ಜಿಗ್ ಅಂಗಡಿಯದಕ್ಕಿಂತ ಜಾಸ್ತಿ ಬೀಳುತ್ತದೆ. ಅಷ್ಟು ಚೆಂದ ಮಾಡಿದ್ದನ್ನು ಕಲ್ಲಿನ ನಡುವೆ ಎಸೆಯಲು ಅವನಿಗೂ ಮನಸ್ಸು ಬರುವುದಿಲ್ಲ. ಮತ್ತೆ ಅದೇ ಕತೆ, ಅಲ್ವಾ?

ಸೀಸದ ವಿಷಯದಲ್ಲಿ ಮಾತ್ರ ನಾನು ಇಲ್ಲಿಯವರ ಕಡೆ. ಈ ಭಾಗದ ಕೆರೆಗಳಲ್ಲಿ ಲೂನ್ ಅನ್ನುವ ನೀರಹಕ್ಕಿ ಇದೆ. ತಿಂದದ್ದು ಅರೆಯಲಿ ಅಂತ ಅದು ತಳದ ಸಣ್ಣ ಕಲ್ಲುಗಳನ್ನು ನುಂಗುತ್ತದೆ. ಕಲ್ಲಿನ ಜೊತೆಗೆ ಒಂದು ಸೀಸದ ಗುಂಡು ಹೋದರೆ ಸಾಕು, ವಿಷವೇರಿ ಸಾಯುತ್ತದೆ. ಅದಕ್ಕೇ ಮ್ಯಾಸಚೂಸೆಟ್ಸ್‌ನಲ್ಲಿ 2012ರಿಂದ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂಗಿಂತ ಕಡಿಮೆ ತೂಕದ ಸೀಸದ ಗುಂಡು, ಜಿಗ್ಗುಗಳನ್ನು ಸಿಹಿನೀರಿನಲ್ಲಿ ಬಳಸುವಂತಿಲ್ಲ. ಸಮುದ್ರಕ್ಕೆ ಈ ಕಾನೂನಿಲ್ಲ. ಆದರೂ ನಾನು ಕರಗಿಸುವುದನ್ನು ಬಿಟ್ಟೆ. ಕಾರಣ ಹಕ್ಕಿಯೊಂದೇ ಅಲ್ಲ. ಒಮ್ಮೆ ಪ್ಲಾಸ್ಟರ್ ಅಚ್ಚು ಪೂರ್ತಿ ಒಣಗುವ ಮೊದಲೇ ಅವಸರಕ್ಕೆ ಹೊಯ್ದೆ. ಒಳಗಿನ ಪಸೆ ಹಬೆಯಾಗಿ ಸೀಸವನ್ನು ಢಬ್ ಅಂತ ಮೇಲಕ್ಕೆ ಚಿಮ್ಮಿಸಿತು. ಜಾಕೆಟ್ಟಿನಲ್ಲಿ ಮೂರು ತೂತು. ಮಗಳು ಬಾಗಿಲಲ್ಲೇ ನಿಂತಿದ್ದಳು. ಆ ಸೌಟು ಮತ್ತೆ ಒಲೆ ಹತ್ತಲಿಲ್ಲ.

ಈಗ ನನ್ನ ಜಿಗ್ಗೆಲ್ಲ ಊಟದ ಮೇಜಿನಿಂದ ಬರುತ್ತವೆ. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಬೆಣ್ಣೆ ಹಚ್ಚುವ ಸ್ಟೀಲ್ ಚಾಕುಗಳನ್ನು ಬಕೆಟಿನಲ್ಲಿ ತುಂಬಿಟ್ಟಿರುತ್ತಾರೆ, ಒಂದಕ್ಕೆ ಅರ್ಧ ಡಾಲರ್. ತೆಗೆದುಕೊಳ್ಳುವಾಗ ಹಿಡಿಯನ್ನು ಉಗುರಿನಲ್ಲಿ ಬಡಿದು ನೋಡಬೇಕು. ಕೆಲವು ಒಳಗೆ ಪೊಳ್ಳು, ಅವು ಬೇಡ. ಗಟ್ಟಿ ಹಿಡಿ ಬೇಕು. ಹಿಡಿಯ ಬುಡಕ್ಕೆ ಹ್ಯಾಕ್ಸಾ ಹಾಕಿ ಅಲಗು ತೆಗೆದು, ಕೊಯ್ದ ಕಡೆ ಅರದಿಂದ ಉಜ್ಜುತ್ತೇನೆ. ಚೂಪು ಉಳಿದರೆ ದಾರ ಕತ್ತರಿಸುತ್ತದೆ. ಆಮೇಲೆ ಎರಡೂ ತುದಿಗೆ 3 ಮಿಲಿಮೀಟರ್ ತೂತು. ಹೊಸಬರು ಎಡವುವುದು ಇಲ್ಲಿ. ಸ್ಟೇನ್‌ಲೆಸ್ ಸ್ಟೀಲಿಗೆ ಡ್ರಿಲ್ ಜೋರಾಗಿ ತಿರುಗಿಸಿದರೆ ಆ ಜಾಗ ಇನ್ನೂ ಗಟ್ಟಿಯಾಗುತ್ತದೆ. ಬಿಟ್ ಕೆಂಪಗೆ ಕಾದು ಮೊಂಡಾಗುತ್ತದೆ. ಒಂದು ಹನಿ ಎಣ್ಣೆ, ನಿಧಾನ ವೇಗ, ಗಟ್ಟಿ ಒತ್ತು. ಸುರುಳಿ ಸುರುಳಿಯಾಗಿ ಲೋಹ ಎದ್ದು ಬರುತ್ತಿದ್ದರೆ ಸರಿ ಹೋಗುತ್ತಿದೆ ಅಂತ ಅರ್ಥ, ಬರೀ ಪುಡಿ ಬಂದರೆ ನಿಲ್ಲಿಸಿ.

ಕೊನೆಗೆ ವೈಸ್‌ನಲ್ಲಿ ಹಿಡಿದು ಚೂರೇ ಚೂರು ಬಗ್ಗಿಸಬೇಕು. ನೇರ ಇದ್ದರೆ ಕಲ್ಲಿನ ಹಾಗೆ ಇಳಿಯುತ್ತದೆ. ಬಾಗಿದ್ದರೆ ಅಡ್ಡಕ್ಕೆ ಜಾರುತ್ತಾ, ಹೊಟ್ಟೆ ತೋರಿಸುತ್ತಾ ಇಳಿಯುತ್ತದೆ. ಎಷ್ಟೋ ಸಲ ಮೀನು ಕಚ್ಚುವುದು ಈ ಇಳಿಯುವ ಹೊತ್ತಿನಲ್ಲೇ. ಬಣ್ಣ ಬೇಕೆಂದರೆ ಹೆಂಡತಿಯ ಕೆಂಪು ನೇಲ್ ಪಾಲಿಶ್ ಇದೆ, ಕೇಳಿ ತಗೊಳ್ಳಿ. ಮೂರು ಮುಳ್ಳಿನ ಗಾಳ ಬೇಡ, ಒಂಟಿ ಮುಳ್ಳು ಸಾಕು, ಅದೂ ತೆಳು ತಂತಿಯದು. ಕಲ್ಲಿಗೆ ಸಿಕ್ಕರೆ ಗಟ್ಟಿ ದಾರ ಎಳೆದಾಗ ಮುಳ್ಳೇ ನೆಟ್ಟಗಾಗಿ ಜಿಗ್ ವಾಪಸ್ ಬರುತ್ತದೆ. ಇಕ್ಕಳದಲ್ಲಿ ಮತ್ತೆ ಬಗ್ಗಿಸಿ ಒಂದೆರಡು ಸಲ ಎಸೆಯಬಹುದು, ಆಮೇಲೆ ಹೊಸ ಮುಳ್ಳು. ದೊಡ್ಡ ಮೀನೂ ಹೀಗೇ ಮುಳ್ಳು ಬಿಚ್ಚಿಕೊಂಡು ಹೋಗುತ್ತದೆ. ನನ್ನಿಂದ ಎರಡು ಹೋಗಿವೆ.

ಇದರಲ್ಲಿ ಕೊರತೆ ಇಲ್ಲ ಅನ್ನುವುದಿಲ್ಲ. ಅದೇ ಗಾತ್ರದ ಸೀಸ ಸ್ಟೀಲಿಗಿಂತ ಸುಮಾರು 1.4 ಪಟ್ಟು ತೂಗುತ್ತದೆ. 11 ಕಿಲೋಮೀಟರ್ ಉದ್ದದ ಆ ಕಾಲುವೆಯಲ್ಲಿ ಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ಸೆಳೆತ ಜೋರಿದ್ದಾಗ ನನ್ನ ಚಾಕು ತಳ ಮುಟ್ಟದೆ ತೇಲಿಕೊಂಡು ಪಕ್ಕದವರ ದಾರಕ್ಕೆ ಹೋಗಿ ಸುತ್ತಿಕೊಳ್ಳುತ್ತದೆ. ಬೈಸಿಕೊಂಡಿದ್ದೇನೆ. ಹಾಗಾಗಿ ನೀರು ತಿರುಗುವ ಹೊತ್ತಿನ ಹಿಂದೆಮುಂದೆ ಮಾತ್ರ ಅದನ್ನು ಕಟ್ಟುತ್ತೇನೆ. ಮೇ ತಿಂಗಳಲ್ಲಿ ಇಲ್ಲಿಯ ಬಂಗಡೆ ಬಂದಾಗ ಚಮಚದ ಹಿಡಿಯೇ ಸಾಕಾಗುತ್ತದೆ. (ಬಂಗಡೆ ಅಂದೆನಲ್ಲ, ಹತ್ತಿರದ ನೆಂಟ ಅಷ್ಟೆ. ರುಚಿಯಲ್ಲಿ ನಮ್ಮದರ ಹತ್ತಿರ ಸುಳಿಯುವುದಿಲ್ಲ.)

ಕಳೆದ ಡಿಸೆಂಬರಿನಲ್ಲಿ ಊರಿಗೆ ಹತ್ತು ಚಾಕು ಜಿಗ್ ಒಯ್ದೆ. ಚಿಕ್ಕಪ್ಪನ ಮಗ ಒಂದನ್ನು ಬೆರಳಲ್ಲಿ ತೂಗಾಡಿಸಿ, "ಎಂತ ಮಾರಾಯ, ಅಮೆರಿಕಾದಿಂದ ಚಮಚ ತಂದ್ಯಾ?" ಅಂತ ನಕ್ಕ. ಸೀಸದ ಕತೆ ಹೇಳಿದೆ, ಲೂನ್ ಹಕ್ಕಿಯ ಕತೆಯನ್ನೂ ಹೇಳಿದೆ. ಹಕ್ಕಿಗೆ ಅವನು ಅಷ್ಟೇನೂ ಕರಗಲಿಲ್ಲ. ಅವನಿಗೂ ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಸೀಸದ ಹೊಗೆಯ ಮಾತಿಗೆ ಮಾತ್ರ ಸುಮ್ನೆ ಕೇಳಿದ. ಮರುದಿನ ಶರಾವತಿ ಅಳಿವೆಯ ಕಲ್ಲುಕಟ್ಟೆಯ ಮೇಲೆ ನಿಂತು, ನಾನು ಎಸೆಯಲು ಹೆದರುವ ಜಾಗಕ್ಕೇ ಸೀದಾ ಬೀಸಿದ. ವಾರದಲ್ಲಿ ನಾಲ್ಕು ಕಳೆದ. ಒಂದಕ್ಕೂ ಮುಖ ಸಣ್ಣ ಮಾಡಲಿಲ್ಲ.

ಮೊನ್ನೆ ಫೋಟೋ ಕಳಿಸಿದ್ದಾನೆ. ಊರಲ್ಲಿ ಬೆಣ್ಣೆ ಚಾಕು ಎಲ್ಲಿ ಸಿಗಬೇಕು? ಕಿಟಕಿ ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯಿಂದ ಸ್ಟೀಲ್ ಪಟ್ಟಿಯ ತುಂಡುಗಳನ್ನು ಗುಜರಿ ರೇಟಿಗೆ ತಂದಿದ್ದಾನೆ. ತೂತು ಅಂಗಡಿಯವನೇ ಹಾಕಿಕೊಟ್ಟನಂತೆ. ನನ್ನದಕ್ಕಿಂತ ದಪ್ಪ, ನನ್ನದಕ್ಕಿಂತ ಒರಟು, ಒಂದೇ ಬದಿಗೆ ಕೆಂಪು ಬಣ್ಣ. ಕೆಳಗೆ ಒಂದು ಸಾಲು ಬರೆದಿದ್ದ: "ಬರುವಾಗ ಗಾಳದ ಮುಳ್ಳು ಮಾತ್ರ ತಾ, ಇಲ್ಲಿಯದು ಎರಡು ದಿನಕ್ಕೆ ತುಕ್ಕು ಹಿಡೀತದೆ."