ಲಾರಿಗೆ ಎಫ್‌ಸಿ ಇದೆ, ಡ್ರೈವರ್‌ಗೆ?

ನಮ್ಮ ರಾಜ್ಯದಲ್ಲಿ ಎಂಟು ವರ್ಷ ದಾಟಿದ ಲಾರಿ ಪ್ರತಿ ವರ್ಷ ಎಫ್‌ಸಿ, ಅಂದರೆ ಓಡಲು ಯೋಗ್ಯ ಎಂಬ ಪ್ರಮಾಣಪತ್ರ, ಮಾಡಿಸಿಕೊಳ್ಳಲೇಬೇಕು. ಅದನ್ನು ಓಡಿಸುವವರ ಲೈಸೆನ್ಸ್ ನವೀಕರಣ ಮಾತ್ರ ಐದು ವರ್ಷಕ್ಕೊಮ್ಮೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಗೆ ಮೊದಲು ಅದು ಮೂರು ವರ್ಷಕ್ಕಿತ್ತು. ನವೀಕರಣಕ್ಕೆ ಬೇಕಾದ, ವೈದ್ಯರು ತುಂಬಿಕೊಡುವ ಫಾರ್ಮ್ 1ಎ ಕೇಳುವುದು 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ, ತೀವ್ರ ಬಣ್ಣಗುರುಡು ಇದೆಯೇ, ಇರುಳುಗುರುಡು ಇದೆಯೇ, ಕಿವಿ ಕೇಳುತ್ತದೆಯೇ, ಕೈಕಾಲು ನೆಟ್ಟಗಿವೆಯೇ ಎಂಬಂಥ ಪ್ರಶ್ನೆಗಳನ್ನು. ಬಿಪಿ ಎಷ್ಟೆಂದು ಬರೆಯಲು ಅದರಲ್ಲಿ ಒಂದು ಕಾಲಂ ಇಲ್ಲ. ಶುಗರ್‌ಗೂ ಇಲ್ಲ.

ನಾನಿರುವ ಅಮೆರಿಕದಲ್ಲಿ ಟ್ರಕ್ ಚಾಲಕರ ವೈದ್ಯಕೀಯ ಪ್ರಮಾಣಪತ್ರಕ್ಕೆ ಹೆಚ್ಚೆಂದರೆ 24 ತಿಂಗಳ ಆಯುಷ್ಯ. 2014ರಿಂದ, ಕೇಂದ್ರ ಸರ್ಕಾರದ ನೋಂದಣಿಯಲ್ಲಿರುವ ಪರೀಕ್ಷಕರೇ ಅದನ್ನು ಕೊಡಬೇಕು. ಸಾಮಾನ್ಯವಾಗಿ ಪ್ರತಿ ಕಣ್ಣಿಗೂ 20/40 ದೃಷ್ಟಿ ಬೇಕು, ನಮ್ಮ ಕಣ್ಣಿನ ಡಾಕ್ಟರು 6/12 ಎಂದು ಬರೆಯುತ್ತಾರಲ್ಲ, ಅದು. ಐದು ಅಡಿ ದೂರದಿಂದ ಪಿಸುಗುಟ್ಟಿದ್ದು ಕೇಳಬೇಕು.

ಇದನ್ನು ಕೇಳಿದವರು ಬಿಗಿ ನಿಯಮ, ಬಡ ಡ್ರೈವರ್ ಕೆಲಸ ಕಳೆದುಕೊಳ್ಳುತ್ತಾನೆ ಎನ್ನುತ್ತಾರೆ. ಬಿಪಿಯ ಲೆಕ್ಕ ನೋಡಿದರೆ ಹಾಗನ್ನಿಸುವುದಿಲ್ಲ. 140/90ರ ಕೆಳಗಿದ್ದರೆ ಎರಡು ವರ್ಷದ ಪ್ರಮಾಣಪತ್ರ. ಮೇಲಿನ ಅಂಕಿ 140ರಿಂದ 159 ಅಥವಾ ಕೆಳಗಿನದು 90ರಿಂದ 99 ಇದ್ದರೆ ಒಂದು ವರ್ಷ. 160ರಿಂದ 179 ಅಥವಾ 100ರಿಂದ 109 ಇದ್ದರೂ ಮನೆಗೆ ಕಳಿಸುವುದಿಲ್ಲ: ಒಂದೇ ಒಂದು ಸಲ ಮೂರು ತಿಂಗಳ ಅವಧಿ ಕೊಡುತ್ತಾರೆ, ಅಷ್ಟರೊಳಗೆ ಮಾತ್ರೆ ತೆಗೆದುಕೊಂಡು ಇಳಿಸಿಕೊಂಡು ಬರಬೇಕು. 180/110 ಮುಟ್ಟಿದರಷ್ಟೇ ಸ್ಟಿಯರಿಂಗ್ ಬಿಡಬೇಕು, ಅದೂ ಇಳಿಯುವ ತನಕ. ಬಹುತೇಕ ಪರೀಕ್ಷಕರು ಅನುಸರಿಸುವ ಪದ್ಧತಿ ಇದು. ನಾವು ಕಲಿಯಬೇಕಾದದ್ದು ಈ ಮೆಟ್ಟಿಲುಗಳನ್ನೇ. ಪಾಸು-ಫೇಲು ಎರಡೇ ಇದ್ದರೆ ಕಾಯಿಲೆ ಇದ್ದವರು ಅದನ್ನು ಮುಚ್ಚಿಡುತ್ತಾರೆ, ಇಲ್ಲವೇ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುತ್ತಾರೆ. ಇನ್ಸುಲಿನ್ ತೆಗೆದುಕೊಳ್ಳುವ ಚಾಲಕರ ವಿಷಯದಲ್ಲೂ ಅಮೆರಿಕಕ್ಕೆ 2018ರಲ್ಲಿ ಇದೇ ಬುದ್ಧಿ ಬಂತು. ಅವರು ಮೊದಲು ವಿಶೇಷ ವಿನಾಯಿತಿ ಪಡೆಯಬೇಕಿತ್ತು. ಈಗ ಮೂರು ತಿಂಗಳ ಶುಗರ್ ದಾಖಲೆ ಮತ್ತು ಚಿಕಿತ್ಸೆ ಕೊಡುವ ವೈದ್ಯರ ಪತ್ರ ಇದ್ದು, ಕಾಯಿಲೆ ಹತೋಟಿಯಲ್ಲಿದ್ದರೆ ವರ್ಷದ ಮಟ್ಟಿಗೆ ಓಡಿಸಬಹುದು.

ಎಲ್ಲವನ್ನೂ ಎತ್ತಿ ತರಬೇಕಿಲ್ಲ. ಇಲ್ಲಿ ಸಕ್ಕರೆ ನೋಡುವುದು ಮೂತ್ರದಲ್ಲಿ. ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೇ ಅದು ಮೂತ್ರದಲ್ಲಿ ಕಾಣಿಸುವುದು, ಹಾಗಾಗಿ ಆರಂಭದ ಮಧುಮೇಹ ತಪ್ಪಿಸಿಕೊಳ್ಳುತ್ತದೆ. ನಮಗೆ ಬೆರಳು ಚುಚ್ಚುವ ಪರೀಕ್ಷೆಯೇ ಸರಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಯ ತಪಾಸಣೆಗೆ ನಿಯಮ ತರಲು ಹೊರಟ ಅಮೆರಿಕ ಸರ್ಕಾರ 2017ರಲ್ಲಿ ಕೈಬಿಟ್ಟಿತು, ಅದು ದೊಡ್ಡ ತಪ್ಪು. ಜೋರಾಗಿ ಗೊರಕೆ ಹೊಡೆಯುವ, ಕತ್ತು ದಪ್ಪಗಿರುವ, ಹಗಲು ತೂಕಡಿಸುವ ಡ್ರೈವರ್‌ರನ್ನು ಆ ಬಗ್ಗೆ ಕೇಳಲೇಬೇಕು. ಪ್ರಮಾಣಪತ್ರ ಒಂದರಿಂದಲೇ ಆರೋಗ್ಯ ಬರುವುದೂ ಇಲ್ಲ: 2010ರ ಸರ್ಕಾರಿ ಸಮೀಕ್ಷೆಯಲ್ಲಿ ಇಲ್ಲಿನ ದೂರಪ್ರಯಾಣದ ಚಾಲಕರಲ್ಲಿ 69% ಮಂದಿ ಸ್ಥೂಲಕಾಯದವರಿದ್ದರು, ಅರ್ಧದಷ್ಟು ಮಂದಿ ಸಿಗರೇಟು ಸೇದುತ್ತಿದ್ದರು.

ಅಳೆಯುವ ರೀತಿಯೂ ಮುಖ್ಯ. ಘಾಟಿ ಇಳಿದು ಬಂದ ಡ್ರೈವರ್ ಬೀಡಿ ಸೇದಿ, ಚಹಾ ಕುಡಿದು, ಮೂತ್ರ ಕಟ್ಟಿಕೊಂಡು ಕೂತರೆ ಬಿಪಿ ಸುಮ್ಮನೆ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಹಾಗೆಯೇ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಬರಿ ತೋಳಿಗೆ ಪಟ್ಟಿ ಕಟ್ಟಿ, ಎರಡು ಸಲ ಅಳೆಯಬೇಕು.

ಯಶವಂತಪುರದ ಟ್ರಕ್ ಟರ್ಮಿನಲ್‌ನಂಥ ಕಡೆ ಒಂದು ಬಿಪಿ ಯಂತ್ರ, ಗ್ಲುಕೋಮೀಟರ್, ಒಬ್ಬ ನರ್ಸ್ ಇದ್ದರೆ ಆರಂಭಕ್ಕೆ ಸಾಕು. ಫಾರ್ಮ್ 1ಎಗೆ ಎರಡು ಕಾಲಂ ಸೇರಿಸುವುದು ಕೇಂದ್ರದ ಕೆಲಸ. ಆದರೆ ಮೂರು ತಿಂಗಳ ಅವಧಿ ಸಿಕ್ಕವರಿಗೆ ಆಸ್ಪತ್ರೆಗೆ ಹೋದ ದಿನದ ಬಾಟಾ ತಪ್ಪದಂತೆ ನೋಡಿಕೊಳ್ಳುವುದು ಲಾರಿ ಮಾಲೀಕರ ಕೈಯಲ್ಲೇ ಇದೆ, ಅದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.