ಕೇಳದೆ ಬಂದ ಡ್ರೈವರ್

ಚೆನ್ನಾಗಿ ಓಡುತ್ತಿದ್ದ ಡೆಸ್ಕ್‌ಟಾಪ್‌ಗೆ ವಿಂಡೋಸ್ ತಾನಾಗಿಯೇ ಬೇರೊಂದು ಗ್ರಾಫಿಕ್ಸ್ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿಬಿಡುತ್ತದೆ. ಬೆಳಗ್ಗೆ ಆನ್ ಮಾಡಿದರೆ ಪರದೆ 1024×768ಕ್ಕೆ ಇಳಿದು ಅಕ್ಷರಗಳೆಲ್ಲ ಊದಿಕೊಂಡಿರುತ್ತವೆ. ಯಂತ್ರದ ಬಿಡಿಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರೇ ನಾಪತ್ತೆ, ಅದರ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’. ಕೇಳಿದ್ದು ಯಾರು ಸ್ವಾಮಿ?

ಪರದೆ ಪೂರ್ತಿ ಕಪ್ಪಾಗಿದ್ದರೆ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಬೇಕು. ಡ್ರೈವರ್ ಮರುಚಾಲನೆ ಆಗುತ್ತದೆ. ಕೇಬಲ್ ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಿದೆಯೇ ಅಂತಲೂ ನೋಡಿ. (ನಗಬೇಡಿ, ಅರ್ಧ ಗೋಳು ಇಲ್ಲೇ ಮುಗಿಯುವುದುಂಟು.)

ಇನ್ನು ಡಿವೈಸ್ ಮ್ಯಾನೇಜರ್‌ನಲ್ಲೇ ಇರುವ, ಹಿಂದಿನ ಡ್ರೈವರ್‌ಗೆ ಮರಳಿಸುವ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿ. ಬೇಕಾದ ಹೊತ್ತಿಗೆ ಸರಿಯಾಗಿ ಅದು ಬೂದು ಬಣ್ಣಕ್ಕೆ ತಿರುಗಿ ಕೂತಿರುತ್ತದೆ, ಯಾಕೆಂದರೆ ಹಿಂತಿರುಗಲು ಹಳೆಯ ಡ್ರೈವರ್ ಉಳಿದೇ ಇರುವುದಿಲ್ಲ. ಆಗ ದೊಡ್ಡ ಪೂಜೆಯೇ ಬೇಕು. ಕಾರ್ಡ್ ತಯಾರಕರ ತಾಣದಿಂದ ಸರಿಯಾದ ಡ್ರೈವರ್ ಮೊದಲೇ ಇಳಿಸಿಕೊಂಡು, ನೆಟ್ ಕೇಬಲ್ ಕಿತ್ತು, ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಮಾಡಿ ಸೇಫ್ ಮೋಡ್‌ಗೆ (ತೀರಾ ಅಗತ್ಯದ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ) ಹೋಗಿ, ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ತಂತ್ರಾಂಶದಿಂದ ಈಗ ಕೂತಿರುವುದನ್ನು ಗುಡಿಸಿ, ಇಳಿಸಿಕೊಂಡದ್ದನ್ನು ಹಾಕಬೇಕು. ನೆಟ್ ಕೀಳದಿದ್ದರೆ ನೀವು ಗುಡಿಸಿದ್ದನ್ನೇ ವಿಂಡೋಸ್ ಹಿಂಬಾಗಿಲಿನಿಂದ ಮತ್ತೆ ತಂದಿಡುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ನಡುವೆ 48 ಅಂಕಿಯ ರಿಕವರಿ ಕೀ ಬೇರೆ ಕೇಳೀತು; ಮೊದಲೇ ಬರೆದಿಟ್ಟುಕೊಳ್ಳಿ.

ವಿಂಡೋಸ್ ಹೀಗೆ ತಾನಾಗಿ ಡ್ರೈವರ್ ಹಾಕುವುದನ್ನು ತಡೆಯುವ ಆಯ್ಕೆಯೂ ಇದೆ: ಸಿಸ್ಟಮ್ ಪ್ರಾಪರ್ಟೀಸ್, ಹಾರ್ಡ್‌ವೇರ್ ಟ್ಯಾಬ್, ‘ಡಿವೈಸ್ ಇನ್‌ಸ್ಟಲೇಶನ್ ಸೆಟ್ಟಿಂಗ್ಸ್’, ಅಲ್ಲಿ ‘ನೋ’. ಇಷ್ಟು ಒಳಗೆ ಬಚ್ಚಿಟ್ಟರೆ ಯಾರಿಗೆ ಸಿಗಬೇಕು!